ಅಮ್ಮ ಎಲ್ಲರನ್ನೂ ಕೂರಿಸಿದ ಸಂಜೆ

ಮೊದಲು ಸೂಚನೆ ಕೊಟ್ಟದ್ದು ನನ್ನ ಚಪ್ಪಲಿ.

ಕಳೆದ ವರ್ಷದ ಆಷಾಢದ ಒಂದು ಬೆಳಿಗ್ಗೆ. ಬಸವೇಶ್ವರನಗರದ ನಮ್ಮ ಬೀದಿಯ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದೆ. ಹಿಂದಿನಿಂದ ಯಾರೋ ಹೆಂಗಸು ಕೂಗಿ, ಏನಮ್ಮಾ ಚಪ್ಪಲಿ ಬಿಟ್ಟು ಹೋಗ್ತಿದೀಯಲ್ಲ ಎಂದರು. ತಿರುಗಿ ನೋಡಿದೆ. ನನ್ನ ಎಡಗಾಲಿನ ಹವಾಯಿ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ನಡುವೆ ಬಿದ್ದಿತ್ತು. ಡಾಂಬರು ಕಾಣದ ರಸ್ತೆ ಅದು, ತುಂಬ ಜಲ್ಲಿಕಲ್ಲು. ಅದರ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದೆ. ಕಾಲಿಗೆ ಏನೂ ಗೊತ್ತಾಗಿರಲಿಲ್ಲ.

ನಕ್ಕೆ. ವಾಪಸ್ ಹೋಗಿ ಹಾಕಿಕೊಂಡೆ. ಮನೆಗೆ ಬರುವಷ್ಟರಲ್ಲಿ ಮತ್ತೆ ಜಾರಿತ್ತು.

ಅದಕ್ಕೆ ಕೆಲವು ದಿನ ಮುಂಚೆ ನನಗೆ ಜ್ವರ, ಭೇದಿ ಆಗಿ ವಾಸಿಯಾಗಿತ್ತು. ನಿಶ್ಶಕ್ತಿ ಇರಬೇಕು ಎಂದುಕೊಂಡು ಅಮ್ಮ ರಾಗಿ ಗಂಜಿ ಕೊಟ್ಟಳು. ಮರುದಿನ ಬಚ್ಚಲಲ್ಲಿ ಕೂತವಳಿಗೆ ಏಳಲು ಆಗಲಿಲ್ಲ. ಅದರ ಮರುದಿನ ರವಿಕೆಯ ಹುಕ್ಸ್ ಹಾಕಿಕೊಳ್ಳಲು ಬೆರಳು ಬಾಗಲಿಲ್ಲ. ಅಪ್ಪ ಕಾರ್ಖಾನೆಗೆ ಹೋಗುವುದನ್ನು ಬಿಟ್ಟು ನನ್ನನ್ನು ಆಟೋದಲ್ಲಿ ರಾಜಾಜಿನಗರದ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ನನ್ನ ಮಂಡಿಗೆ ಹೊಡೆದರು. ಕಾಲು ಹಾರಲಿಲ್ಲ. ಇನ್ನೊಂದು ಸಲ ಹೊಡೆದರು. ಆಮೇಲೆ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ಅಪ್ಪನನ್ನು ಹೊರಗೆ ಕರೆದರು.

ಸಂಜೆಯ ಹೊತ್ತಿಗೆ ನನ್ನ ಕೈಗಳೂ ಹೋದವು.

ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ನನ್ನ ಕಾಯಿಲೆಗೆ ಗಿಲ್ಲನ್ ಬಾರೆ ಸಿಂಡ್ರೋಮ್ ಎಂದು ಹೆಸರು. ಮೈಯೊಳಗಿನ ಕಾವಲುಗಾರರೇ ತಪ್ಪು ತಿಳಿದು ಸ್ವಂತ ನರಗಳ ಮೇಲೆ ಬೀಳುತ್ತಾರಂತೆ. ನ್ಯೂರಾಲಜಿಯ ಡಾಕ್ಟರು ಅಮ್ಮನಿಗೆ ಸಮಾಧಾನದಿಂದ ವಿವರಿಸಿದ್ದನ್ನು ನಾನು ಮಲಗಿದಲ್ಲಿಂದಲೇ ಕೇಳಿಸಿಕೊಂಡೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ಹೋದ ಹಾಗೆ ನರದ ಹೊದಿಕೆ ಹಾಳಾಗಿದೆ, ಅದು ಮತ್ತೆ ಬೆಳೆಯುತ್ತದೆ, ಹೆಚ್ಚಿನವರು ಎದ್ದು ಓಡಾಡುತ್ತಾರೆ ಎಂದರು. ಆಮೇಲೆ ಹೇಳಿದರು.

"ಆದ್ರೆ ನೋಡಿಮ್ಮ, ಇದು ಮೇಲಕ್ಕೆ ಏರ್ತಾ ಇದೆ. ಎದೆಗೆ ಬಂದ್ರೆ ಉಸಿರಾಡೋಕೆ ಮೆಷೀನು ಬೇಕಾಗುತ್ತೆ."

ಎದೆಗೆ ಬಂತು.

ವೆಂಟಿಲೇಟರಿನ ದಿನಗಳ ಬಗ್ಗೆ ಜನ ಕೇಳುತ್ತಾರೆ, ಪ್ರಜ್ಞೆ ಇತ್ತಾ ಎಂದು. ಪೂರ್ತಿ ಇತ್ತು. ಅದೇ ಅದರ ಕಷ್ಟ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಿದ್ದರು, ಅದಕ್ಕೆ ಟ್ರೇಕಿಯಾಸ್ಟಮಿ ಎನ್ನುತ್ತಾರೆ. ಮಾತು ಹೋಯಿತು. ಕೈ, ಕಾಲು, ಕುತ್ತಿಗೆ ಯಾವುದೂ ನನ್ನದಲ್ಲ. ನೊಣ ಮೂಗಿನ ಮೇಲೆ ಕೂತರೆ ಕೂತಿರುತ್ತಿತ್ತು. ಕಫ ತೆಗೆಯಲು ಸಿಸ್ಟರ್ ಸಕ್ಷನ್ ಟ್ಯೂಬ್ ಹಾಕಿದಾಗ ಪ್ರಾಣ ಹೋದಂತಾಗುತ್ತಿತ್ತು, ಅದನ್ನು ಹೇಳಲು ಮುಖ ಕೂಡ ಕಿವುಚಲು ಆಗುತ್ತಿರಲಿಲ್ಲ. ರೆಪ್ಪೆಗಳು ಮಾತ್ರ ಉಳಿದಿದ್ದವು.

ಅಮ್ಮ ಕಾಮಾಕ್ಷಿಪಾಳ್ಯದ ಪ್ರೈಮರಿ ಶಾಲೆಯಲ್ಲಿ ಟೀಚರು. ಸರೋಜಾ ಮಿಸ್ಸು ಎಂದರೆ ಆ ಕಡೆ ಎಲ್ಲರಿಗೂ ಗೊತ್ತು. ಎತ್ತರವೇನಿಲ್ಲ, ದನಿ ಮಾತ್ರ ಮೂರು ಕ್ಲಾಸುಗಳಿಗೆ ಕೇಳಿಸುವಂಥದ್ದು. ಐಸಿಯುನಲ್ಲಿ ಆ ದನಿಯನ್ನು ಅಡಗಿಸಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, ಹೌದು ಅನ್ನೋದಾದ್ರೆ ಒಂದು ಸಲ ಕಣ್ಣು ಮುಚ್ಚು, ಅಲ್ಲ ಅನ್ನೋದಾದ್ರೆ ಎರಡು ಸಲ ಎಂದಳು. ನೋವಾ? ಬಾಯಾರಿಕೆಯಾ? ಸೆಕೆಯಾ? ಹೀಗೆ ಕೇಳುತ್ತಾ ಹೋದಳು. ಅವಳು ಕೇಳದೆ ಇದ್ದದ್ದನ್ನು ನಾನು ಹೇಳುವುದು ಹೇಗೆ? ಆ ಸಂಕಟಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಅದನ್ನು ಒರೆಸಿದಳು. ಆಮೇಲೆ ಕ್ಲಾಸಿನಲ್ಲಿ ಹೇಳಿಸುವಂತೆ ಶುರು ಮಾಡಿದಳು. ಕ ಸಾಲಾ? ಚ ಸಾಲಾ? ಟ ಸಾಲಾ?

ಕಣ್ಣು ಮುಚ್ಚಿದೆ.

ಟ ಎಂದಳು. ಮುಚ್ಚಿದೆ. ಕಾಗುಣಿತಕ್ಕೆ ಇಳಿದಳು. ಟಾ, ಟಿ, ಟೀ, ಟು, ಟೂ... ಟೇ ಬಂದಾಗ ಮತ್ತೆ ಮುಚ್ಚಿದೆ. ಆಮೇಲೆ ಪ ಸಾಲು.

"ಟೇಪಾ? ನಿನ್ನ ಆ ಹಾಡಿನ ಟೇಪಾ?"

ನನ್ನ ರೆಪ್ಪೆ ಮುಚ್ಚಿಕೊಂಡೇ ಇತ್ತು. ಅಷ್ಟು ಜೋರಾಗಿ ಹೌದು ಅಂದಿದ್ದೆ.

ನನಗೆ ರಾಕ್ ಸಂಗೀತದ ಹುಚ್ಚು ಹತ್ತಿಸಿದವಳು ಕಾಲೇಜಿನ ಗೆಳತಿ ವೀಣಾ. ವಿಜಯನಗರದ ಅವಳ ಮನೆಯ ಮಹಡಿಯಲ್ಲಿ ಅವಳ ಅಣ್ಣ ಮೋಹನ್ ಡ್ರಮ್ಸ್ ಬಾರಿಸುತ್ತಿದ್ದ. ಅವನ ಗೆಳೆಯರು ಗಿಟಾರ್ ಹಿಡಿದು ಬರುತ್ತಿದ್ದರು. ಮೊದಲ ಸಲ ಆ ಕೋಣೆಯಲ್ಲಿ ಕೂತಾಗ ನನಗೆ ಒಂದು ಪದವೂ ತಿಳಿದಿರಲಿಲ್ಲ, ಆದರೆ ಮನೆಗೆ ಬಂದ ಮೇಲೂ ಎದೆಯಲ್ಲಿ ಆ ಬಡಿತ ಇತ್ತು. ಆಮೇಲೆ ವೀಣಾ ಕೊಟ್ಟ ಕ್ಯಾಸೆಟ್‌ಗಳನ್ನು ನಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿಕೊಳ್ಳುತ್ತಿದ್ದೆ. ಅಮ್ಮ ಅಡುಗೆಮನೆಯಿಂದ, ಅದೇನು ತಗಡು ಬಡಿಯೋದು ಕೇಳ್ತೀಯೇ ಎನ್ನುತ್ತಿದ್ದಳು. ಮನೆಯಲ್ಲಿ ಭಾವಗೀತೆ, ದೇವರನಾಮ ಬಿಟ್ಟರೆ ಬೇರೇನೂ ಕೇಳಿ ಅಭ್ಯಾಸವಿಲ್ಲದವಳು.

ಅಂಥವಳು ಮರುದಿನ ಮಧ್ಯಾಹ್ನ ವೈರಿನ ಬುಟ್ಟಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಆಸ್ಪತ್ರೆಗೆ ಬಂದಳು. ಐಸಿಯುನ ಕೇರಳದ ಸಿಸ್ಟರ್ ಮೊದಲು ಆಗೋದೇ ಇಲ್ಲ ಎಂದರು, ಆಮೇಲೆ ನನ್ನ ಕಣ್ಣು ನೋಡಿ, ತೀರ ಮೆಲ್ಲಗೆ ಹಾಕಿ ಎಂದರು. ದಿಂಬಿನ ಪಕ್ಕದಲ್ಲಿ ಆ ಪುಟ್ಟ ಸದ್ದು. ವೆಂಟಿಲೇಟರಿನ ಒಂದೇ ತಾಳದ ಉಸಿರಿನ ನಡುವೆ ಇನ್ನೊಂದು ತಾಳ ಬಂತು. ಮನುಷ್ಯರು ಕೈಯಲ್ಲಿ ಬಾರಿಸಿದ್ದು. ಅವತ್ತು ನನಗೆ ಹೊರಗೆ ಲೋಕ ಇದೆ ಎನ್ನುವುದು ನೆನಪಾಯಿತು.

ಅಮ್ಮ ಶಾಲೆಗೆ ರಜೆ ಹಾಕಿ, ಟೇಪ್ ರೆಕಾರ್ಡರನ್ನು ಮನೆಯಿಂದ ಹೊತ್ತುಕೊಂಡು ದಿನವೂ ಬಂದಳು. ಯಾವ ಹಾಡಿಗೆ ನನ್ನ ಕಣ್ಣು ಅರಳುತ್ತದೆ ಎಂದು ನೋಡಿಕೊಂಡು, ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುತ್ತಿದ್ದಳು. ಹಾಡುಗಳ ಹೆಸರು ಗೊತ್ತಿರಲಿಲ್ಲವಾದ್ದರಿಂದ ತಾನೇ ಹೆಸರಿಟ್ಟುಕೊಂಡಿದ್ದಳು. ಅಳೋ ಹಾಡು, ರೈಲಿನ ಹಾಡು, ಜಗಳದ ಹಾಡು. ಈವತ್ತು ರೈಲು ಹಾಕ್ಲಾ ಎಂದು ಕೇಳುತ್ತಿದ್ದಳು.

ಒಂದು ದಿನ ಬಲಗೈ ಹೆಬ್ಬೆರಳು ಅಲ್ಲಾಡಿತು. ನಾನಲ್ಲ, ಅಮ್ಮ ನೋಡಿದ್ದು.

ಅಲ್ಲಿಂದ ದಿನಗಳು ಮುಂದಕ್ಕೆ ಉರುಳಿದವು. ಮೆಷೀನು ಬಿಟ್ಟು ಉಸಿರಾಡಿದೆ. ಕುತ್ತಿಗೆಯ ಕೊಳವೆ ತೆಗೆದರು. ಮೊದಲ ಸಲ ಗಂಟಲಿಂದ ಬಂದ ದನಿ ನನ್ನದೆಂದು ನಂಬಲು ಆಗಲಿಲ್ಲ, ಅಷ್ಟು ಒಡಕಲು. ದೀಪಾವಳಿ ಕಳೆದ ಮೇಲೆ ಮನೆಗೆ ಬಂದೆ. ಅಪ್ಪ ನನ್ನನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದರು. ನನಗೆ ಹತ್ತೊಂಬತ್ತು ವರ್ಷ, ಹಗುರವಾಗಿಬಿಟ್ಟಿದ್ದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದವರೆಲ್ಲ, ಗೆದ್ದು ಬಂದೆ ಬಿಡಮ್ಮ ಎಂದರು. ಆದರೆ ನನಗೆ ಅತ್ಯಂತ ಕೆಟ್ಟ ದಿನಗಳು ಬಂದದ್ದು ಆಮೇಲೆ.

ಐಸಿಯುನಲ್ಲಿ ಬದುಕಿದರೆ ಸಾಕೆನ್ನುವ ಆಸೆಯೊಂದೇ ಇತ್ತು. ಮನೆಯಲ್ಲಿ ಕನ್ನಡಿ ಇತ್ತು. ಕುತ್ತಿಗೆಯ ಗುಳಿ, ಕಡ್ಡಿಯಂಥ ಕಾಲು, ಅವಕ್ಕೆ ಕಟ್ಟಿದ ಕಬ್ಬಿಣದ ಕ್ಯಾಲಿಪರ್, ಹಿಡಿದು ನಡೆಯಲು ಮುಂದೊಂದು ವಾಕರ್. ನೋಡಲು ಬಂದ ನೆಂಟರೊಬ್ಬರು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಹೆಣ್ಣುಮಗು, ಕಾಲು ಹೀಗಾದ್ರೆ ಮುಂದೆ ಹೇಗೆ ಸರೋಜಾ ಎಂದು. ಅಮ್ಮ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಅವತ್ತಿನಿಂದ ಯಾರಾದರೂ ಬಂದರೆ ರೂಮಿನ ಬಾಗಿಲು ಹಾಕಿಸಿಕೊಳ್ಳುತ್ತಿದ್ದೆ. ಜಗಲಿಗೂ ಬರುತ್ತಿರಲಿಲ್ಲ. ಬೀದಿಯಲ್ಲಿ ನಡೆಯುವ ಮಕ್ಕಳು ನನ್ನ ಕಾಲನ್ನು ನೋಡಿ ನಿಲ್ಲುತ್ತಾರೆ ಎನ್ನುವ ಯೋಚನೆಯೇ ಸಾಕಾಗಿತ್ತು. ಹಾಡು ಕೇಳುವುದನ್ನೂ ಬಿಟ್ಟೆ. ಅದು ಆಸ್ಪತ್ರೆಯ ವಾಸನೆ ತರುತ್ತಿತ್ತು.

ಫಿಸಿಯೋಥೆರಪಿಯ ರಂಗನಾಥ್ ಸಾರ್ ಬೆಳಿಗ್ಗೆ ಸ್ಕೂಟರಿನಲ್ಲಿ ಬರುತ್ತಿದ್ದರು. ಕೈ ಚೆನ್ನಾಗಿ ಚೇತರಿಸಿಕೊಂಡಿತ್ತು, ಕಾಲಿಗೂ ಶಕ್ತಿ ಬರುತ್ತಿತ್ತು. ಆದರೂ ವಾಕರ್ ಬಿಟ್ಟು ನಿಲ್ಲು ಎಂದರೆ ನಾನು ಮಂಚಕ್ಕೆ ಕುಸಿಯುತ್ತಿದ್ದೆ. ಬೀಳುತ್ತೇನೆ ಎನ್ನುವ ಭಯ. ಬಿದ್ದರೆ ಯಾರಾದರೂ ನೋಡುತ್ತಾರೆ ಎನ್ನುವ ಭಯ ಅದಕ್ಕಿಂತ ದೊಡ್ಡದು. ಒಂದು ದಿನ ಸಾರ್ ಬಾಗಿಲ ಹತ್ತಿರ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು. ಕಾಲು ಕೆಲಸ ಮಾಡೋಕೆ ತಯಾರಿದೆ, ಇವಳೇ ಬಿಡ್ತಿಲ್ಲ, ಹೀಗೇ ಕೂತರೆ ಸ್ನಾಯು ಮತ್ತೆ ಸೊರಗುತ್ತೆ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ ಎಂದು.

ಅಮ್ಮ ನನಗೆ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಅವಳ ಮುಖದಲ್ಲಿ ಲೆಕ್ಕ ಬಿಡಿಸುವಾಗಿನ ಗಂಟು ಮಾತ್ರ ಇತ್ತು.

ಆ ವಾರವೇ ವೀಣಾ ಬಂದಳು. ಅವಳ ಅಣ್ಣನ ಬ್ಯಾಂಡು ಕೆಂಗೇರಿಯ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಹಬ್ಬದಲ್ಲಿ ನುಡಿಸುತ್ತದೆ, ಬಯಲಿನಲ್ಲಿ, ದೊಡ್ಡ ಸ್ಟೇಜು ಎಂದು ಸಂಭ್ರಮದಿಂದ ಹೇಳಿದಳು. ಹೇಳಿದ ಮೇಲೆ ನನ್ನ ಕಾಲು ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ಗೋಡೆಯ ಕಡೆ ತಿರುಗಿದೆ.

"ಯಾವತ್ತು?" ಎಂದು ಕೇಳಿದ್ದು ಅಮ್ಮ.

ಬರೋ ಶನಿವಾರ ಎಂದಳು ವೀಣಾ.

"ನಾವಿಬ್ರೂ ಬರ್ತೀವಿ. ಕೂರೋಕೆ ಒಂದು ಕುರ್ಚಿ ಬೇಕು ಅಂತ ನಿಮ್ಮಣ್ಣನಿಗೆ ಹೇಳು."

ನಾನು ಬರಲ್ಲ ಎಂದೆ. ಅಮ್ಮ ಕೇಳಿಸಿಕೊಳ್ಳದವಳಂತೆ ಕಾಫಿ ತರಲು ಒಳಗೆ ಹೋದಳು. ಸಂಜೆ ಅಪ್ಪ ಷಿಫ್ಟ್ ಮುಗಿಸಿ ಬಂದಾಗ ದೊಡ್ಡ ಮಾತೇ ಆಯಿತು. ಅಪ್ಪ ಜಗಳದ ಮನುಷ್ಯ ಅಲ್ಲ. ಆದರೂ ಅವರು, ಹುಡುಗರ ಗುಂಪು, ಧೂಳು, ಚಳಿ, ನೂಕಾಟ, ಇವಳು ಬಿದ್ದರೆ ಯಾರು ಹೊಣೆ ಎಂದು ಒಂದೇ ಸಮನೆ ಹೇಳಿದರು. ಡಾಕ್ಟರನ್ನು ಕೇಳದೆ ಹೋಗುವುದು ಬೇಡ ಎಂದರು. ಅಮ್ಮ ಆಗಲೇ ಪಕ್ಕದ ಮನೆಯ ಫೋನಿನಿಂದ ಡಾಕ್ಟರಿಗೆ ಮಾಡಿ ಕೇಳಿದ್ದಳು. ಅವರು, ಕೂರಿಸಿಕೊಂಡು ಹೋಗಿ ಬನ್ನಿ, ಸುಸ್ತಾದರೆ ವಾಪಸ್ ಬನ್ನಿ ಎಂದಿದ್ದರಂತೆ. ಅಪ್ಪನಿಗೆ ಅದೂ ಒಪ್ಪಿಗೆಯಾಗಲಿಲ್ಲ. ಆ ಗಲಾಟೆಯಲ್ಲಿ ನಿನಗೇನು ಕೆಲಸ ಎಂದರು.

"ರೀ, ಆಸ್ಪತ್ರೆಗೆ ಹೋಗೋವಾಗೆಲ್ಲ ನಾನು ಬೇಕು ಇವಳಿಗೆ. ಇಷ್ಟಪಟ್ಟಿದ್ದಕ್ಕೆ ಹೋಗೋವಾಗ ನಾನು ಬೇಡ್ವಾ?"

ಶನಿವಾರ ಅಪ್ಪನೇ ಪರಿಚಯದ ಆಟೋ ಗೊತ್ತು ಮಾಡಿ ತಂದರು. ಅವರಿಗೆ ಸೆಕೆಂಡ್ ಷಿಫ್ಟ್ ಇತ್ತು. ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ವಾಕರನ್ನು ಹಿಂದೆ ಕಟ್ಟಿ, ನಿಧಾನಕ್ಕೆ ಹೋಗಪ್ಪ ಎಂದು ಡ್ರೈವರಿಗೆ ಹೇಳಿ, ನಮ್ಮ ಆಟೋ ತಿರುವು ದಾಟುವ ತನಕ ಅಲ್ಲೇ ನಿಂತಿದ್ದರು.

ಮೈಸೂರು ರಸ್ತೆಯುದ್ದಕ್ಕೂ ನಾನು ಹೊರಗೇ ನೋಡುತ್ತಿದ್ದೆ. ನಾಯಂಡಹಳ್ಳಿ ದಾಟಿದ ಮೇಲೆ ಊರು ತೆಳ್ಳಗಾಗಿ ಹೊಲಗಳು ಕಾಣತೊಡಗಿದವು. ಅಮ್ಮ ಹಸಿರು ಕಾಟನ್ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿ, ಮಲ್ಲಿಗೆ ಮುಡಿದು, ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುವವಳ ಹಾಗೆ ಕೂತಿದ್ದಳು. ಬುಟ್ಟಿಯಲ್ಲಿ ಹಾರ್ಲಿಕ್ಸ್ ತುಂಬಿದ ಫ್ಲಾಸ್ಕು, ನನಗೆ ಶಾಲು, ಒಂದು ಸುರುಳಿ ಹತ್ತಿ. ಹತ್ತಿ ಯಾಕೆ ಎಂದರೆ ಕಿವಿಗೆ ಎಂದಳು.

ಮೈದಾನದ ಗೇಟಿನಿಂದ ಕುರ್ಚಿಯ ತನಕ ನಡೆದದ್ದು ನನ್ನ ಜೀವನದ ಅತಿ ಉದ್ದದ ದಾರಿ. ವಾಕರ್ ಎತ್ತು, ಮುಂದಿಡು, ಕಾಲು ಎಳೆ. ಕ್ಯಾಲಿಪರಿನ ಕಟಕಟ. ಜೀನ್ಸ್ ತೊಟ್ಟ, ಕೂದಲು ಬಿಟ್ಟ ಹುಡುಗರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಅಮ್ಮ ಮಾತ್ರ ಒಬ್ಬೊಬ್ಬರಿಗೂ, ಥ್ಯಾಂಕ್ಸ್ ಕಣಪ್ಪ, ಥ್ಯಾಂಕ್ಸ್ ಎನ್ನುತ್ತಾ ಹಿಂದೆ ಬಂದಳು. ಸ್ಟೇಜಿನ ಎಡಗಡೆ, ಸ್ವಲ್ಪ ಮುಂದೆ, ವೀಣಾ ಎರಡು ಕಬ್ಬಿಣದ ಕುರ್ಚಿ ಹಿಡಿದುಕೊಂಡು ನಿಂತಿದ್ದಳು. ಕೂರಿಸಿ, ಅಣ್ಣನಿಗೆ ಏನೋ ಬೇಕಂತೆ ಎಂದು ಸ್ಟೇಜಿನ ಹಿಂದಕ್ಕೆ ಓಡಿದಳು. ಆ ಮೈದಾನದಲ್ಲಿ ಸೀರೆ ಉಟ್ಟವಳು ಬಹುಶಃ ನಮ್ಮಮ್ಮ ಒಬ್ಬಳೇ.

ಸಂಜೆಗತ್ತಲಾಗುತ್ತಿದ್ದಂತೆ ಬ್ಯಾಂಡು ಶುರುವಾಯಿತು.

ಕ್ಯಾಸೆಟ್ಟಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೊದಲ ಹೊಡೆತಕ್ಕೆ ಅಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಹೋದಳು. ಹತ್ತಿ ಹರಿದು ಎರಡೂ ಕಿವಿಗೆ ತುರುಕಿಕೊಂಡಳು, ನನ್ನ ಕಡೆ ಚಾಚಿದಳು, ನಾನು ಬೇಡ ಎಂದೆ. ಪಕ್ಕದಲ್ಲಿ ನಿಂತಿದ್ದ ಹುಡುಗನಿಗೂ ಬೇಕೇನಪ್ಪ ಎಂದು ಸನ್ನೆ ಮಾಡಿದಳು. ಅವನು ಕೈಮುಗಿದು ನಕ್ಕ. ನನಗೆ ಅದೇ ಹೊತ್ತಿಗೆ ಇನ್ನೊಂದು ಗೊತ್ತಾಗುತ್ತಿತ್ತು. ನನ್ನ ಪಾದಗಳಿಗೆ ಎಷ್ಟೋ ತಿಂಗಳಿಂದ ನೆಲ ಸರಿಯಾಗಿ ತಿಳಿಯುತ್ತಿರಲಿಲ್ಲ, ದಪ್ಪ ಹಾಸಿಗೆಯ ಮೇಲೆ ನಿಂತ ಹಾಗೆ. ಈಗ ಡ್ರಮ್ಮಿನ ಪ್ರತಿ ಏಟೂ ನೆಲದೊಳಗಿಂದ ಬಂದು, ಬೂಟಿಗೆ ಸಿಕ್ಕಿಸಿದ ಕ್ಯಾಲಿಪರಿನ ಕಂಬಿ ಹಿಡಿದು ತೊಡೆಯ ತನಕ ಏರುತ್ತಿತ್ತು. ಕಬ್ಬಿಣ ಝುಂ ಎನ್ನುತ್ತಿತ್ತು. ನಾನು ಎರಡೂ ಕೈಯಲ್ಲಿ ಕಾಲು ಹಿಡಿದು ಕೂತೆ. ಕಾಯಿಲೆ ಏರಿದ ದಾರಿಯಲ್ಲೇ ಇದೂ ಏರುತ್ತಿತ್ತು, ಆದರೆ ಇದು ಬೇರೆಯೇ.

ಅಮ್ಮ ನನ್ನ ಭುಜ ತಟ್ಟಿ ಕಿವಿಗೆ ಬಾಯಿ ಹಚ್ಚಿ ಕೂಗಿದಳು, ರೈಲಿನ ಹಾಡು ಎಂದು. ಅವಳು ಹೇಳಿದ ಮೇಲೆ ನನಗೂ ಗುರುತು ಸಿಕ್ಕಿತು. ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಮುಖ ನೋಡಿದೆ. ಕ್ಲಾಸಿನಲ್ಲಿ ಮೊದಲು ಕೈ ಎತ್ತಿದ ಹುಡುಗಿಯ ಮುಖ.

ಆಗ ಕರೆಂಟ್ ಹೋಯಿತು.

ಸ್ಟೇಜು, ಮೈದಾನ, ದೂರದ ಕಟ್ಟಡ ಎಲ್ಲವೂ ಒಟ್ಟಿಗೆ ಕತ್ತಲೆ. ಗಿಟಾರು, ಹಾಡು ನಿಂತುಹೋದವು. ಮೋಹನನ ಡ್ರಮ್ಸ್ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಕರೆಂಟ್ ಬೇಡವಲ್ಲ. ಕತ್ತಲಲ್ಲಿ ಅವನೊಬ್ಬನೇ ಬಾರಿಸುತ್ತಾ ಹೋದ. ಅದೇ ತೊಂದರೆಯಾಯಿತು. ಹಿಂದಿದ್ದ ಹುಡುಗರು ಹುರುಪಿನಿಂದ ಕೂಗುತ್ತಾ ಸ್ಟೇಜಿನ ಕಡೆಗೆ ನುಗ್ಗಿದರು. ಯಾರದೋ ಮೈ ನನ್ನ ಕುರ್ಚಿಗೆ ಬಡಿಯಿತು. ವಾಕರ್ ಬಿದ್ದ ಸದ್ದಾಯಿತು. ಇನ್ನೊಬ್ಬರು ಅದಕ್ಕೆ ಎಡವಿದರು. ಕುರ್ಚಿ ಒಂದು ಬದಿಗೆ ವಾಲಿತು. ಬೀಳುತ್ತೇನೆ. ಇಷ್ಟು ಜನರ ಕಾಲಡಿಯಲ್ಲಿ. ಅಮ್ಮಾ ಎಂದೆ, ನನ್ನ ಒಡಕಲು ದನಿ ನನಗೇ ಕೇಳಿಸಲಿಲ್ಲ.

ಅಮ್ಮ ನನ್ನ ಮುಂದೆ ಬಂದು, ಬೆನ್ನು ನನಗೆ ಆನಿಸಿ ನಿಂತಳು. ಆಮೇಲೆ, ಆಷಾಢದಿಂದ ನಾನು ಕೇಳದಿದ್ದ ಆ ದನಿ ಬಂತು. ಮೂರು ಕ್ಲಾಸಿಗೆ ಕೇಳಿಸುವ ದನಿ.

"ಎಲ್ರೂ ಇದ್ದಲ್ಲೇ ಕೂತ್ಕೊಳ್ಳಿ. ಇಲ್ಲಿ ನನ್ನ ಮಗಳಿದಾಳೆ. ಅವಳ ಕಾಲು ಸರಿ ಇಲ್ಲ. ಯಾರೂ ಓಡ್ಬಾರ್ದು. ಕೂತ್ಕೊಳ್ರಪ್ಪ."

ನಾನು ಮನೆಯ ಬಾಗಿಲು ಹಾಕಿಕೊಂಡು, ಗೋಡೆಗೆ ತಿರುಗಿ, ತಿಂಗಳುಗಟ್ಟಲೆ ಯಾವುದನ್ನು ಮುಚ್ಚಿಟ್ಟಿದ್ದೆನೋ ಅದನ್ನು ಅಮ್ಮ ಒಂದು ಇಡೀ ಕಾಲೇಜಿಗೆ ಕೂಗಿ ಹೇಳಿದ್ದಳು.

ಒಂದು ಕ್ಷಣ ಸತ್ತುಹೋಗೋಣ ಅನ್ನಿಸಿತು.

ಹತ್ತಿರದವರು ಕೂತರು. ಏಯ್ ಕೂತ್ಕೊಳ್ಳೋ ಮಗಾ, ಆಂಟಿ ಹೇಳ್ತಿದಾರೆ ಎಂದು ಯಾರೋ ಹಿಂದಕ್ಕೆ ಹೇಳಿದ. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಕತ್ತಲಲ್ಲಿ ಜನ ಕೂರುವ ಸದ್ದು ಕೇಳಿದ್ದೀರಾ? ಬಟ್ಟೆಯ ಸರಬರ, ಧೂಳು, ಸಣ್ಣ ನಗು. ಮೋಹನನೂ ಗಾಬರಿಯಾಗಿ ಬಾರಿಸುವುದು ನಿಲ್ಲಿಸಿದ. ಯಾರೋ ಬೆಂಕಿಕಡ್ಡಿ ಗೀರಿದರು. ಆ ಬೆಳಕಿನಲ್ಲಿ ಒಬ್ಬ ಹುಡುಗ ನನ್ನ ವಾಕರ್ ಎತ್ತಿ, ಕೊಡವಿ, ಸರಿಯಾಗಿ ಮುಂದಿಟ್ಟ. ಏನಾಗಿದ್ದು ಕಾಲಿಗೆ ಎಂದು ಸಹಜವಾಗಿ ಕೇಳಿದ. ನಾನು ಹೇಳಿದೆ. ಕಾಯಿಲೆಯ ಹೆಸರು, ವೆಂಟಿಲೇಟರ್, ಎಲ್ಲ. ಹೊರಗಿನವರಿಗೆ ನಾನು ಅದನ್ನು ಹೇಳಿದ್ದು ಅದೇ ಮೊದಲು. ಅವನು ಗಂಭೀರವಾಗಿ ಕೇಳಿಸಿಕೊಂಡು, ಇನ್ನೇನು ಸರಿ ಹೋಗುತ್ತಲ್ಲ ಎಂದ. ಅಷ್ಟೇ. ಬಚ್ಚಿಡಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ, ಆದರೂ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಜನರೇಟರ್ ಗುಡುಗಿ ದೀಪ ಬಂತು. ನೋಡಿದರೆ ನಮ್ಮ ಸುತ್ತ ಅಷ್ಟೂ ಹುಡುಗರು ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ಹಸಿರು ಸೀರೆಯ ಅಮ್ಮ ಒಬ್ಬಳೇ ನಿಂತಿದ್ದಳು. ಸ್ಟೇಜಿನ ಮೇಲೆ ಹಾಡು ಮತ್ತೆ ಶುರುವಾಯಿತು. ಯಾರೂ ಏಳಲಿಲ್ಲ. ಗಡ್ಡ ಬಿಟ್ಟಿದ್ದ ಒಬ್ಬ ಹುಡುಗ ತಲೆ ಎತ್ತಿ ಕೇಳಿದ.

"ಆಂಟಿ, ಈಗ ಏಳ್ಬೋದಾ?"

ಅಮ್ಮ ನಕ್ಕುಬಿಟ್ಟಳು. ಏಳಿ, ಆದರೆ ನೂಕಬೇಡಿ ಎಂದಳು. ಅವರೆಲ್ಲ ಎದ್ದರು. ನನ್ನ ಕಣ್ಣ ಮುಂದೆ ಬೆನ್ನುಗಳ ಗೋಡೆ ಬಂತು, ಸ್ಟೇಜು ಮರೆಯಾಯಿತು.

ನನಗೂ ನೋಡಬೇಕು ಅನ್ನಿಸಿತು.

ಅಮ್ಮನ ಕೈ ಹಿಡಿದು ಎಳೆದೆ. ರಂಗನಾಥ್ ಸಾರ್ ತೋರಿಸಿಕೊಟ್ಟ ಹಾಗೆ ಕಂಕುಳಲ್ಲಿ ಕೈ ಹಾಕಿ ಎತ್ತಿದಳು. ಮಂಡಿಯ ಹತ್ತಿರ ಕ್ಯಾಲಿಪರ್ ಲಾಕ್ ಆಯಿತು. ವಾಕರ್ ಹಿಡಿಯಲಿಲ್ಲ. ಅಮ್ಮನ ಸೊಂಟ ಹಿಡಿದೆ, ಅವಳು ನನ್ನ ಸೊಂಟ ಹಿಡಿದಳು. ಕಾಲು ನಡುಗುತ್ತಿತ್ತು, ಅದು ಭಯದ್ದೋ ಡ್ರಮ್ಮಿನದೋ ಗೊತ್ತಾಗಲಿಲ್ಲ. ಹುಡುಗರು ನೋಡಿ ಸ್ವಲ್ಪ ಜಾಗ ಬಿಟ್ಟರು, ಆಮೇಲೆ ತಮ್ಮ ಪಾಡಿಗೆ ಹಾಡಿಗೆ ತಿರುಗಿದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾನು ಸ್ಟೇಜು ನೋಡಿದೆ. ಮೋಹನನ ಕೈ, ಬೆವರು, ಗಿಟಾರಿನವನ ಮುಚ್ಚಿದ ಕಣ್ಣು. ಹಾಡು ಮುಗಿಯುವ ತನಕ ನಿಂತೆ.

ಮುಗಿಯುವ ಹೊತ್ತಿಗೆ ಅಮ್ಮನ ಮೈ ಅದುರುತ್ತಿರುವುದು ತಿಳಿಯಿತು. ತಿರುಗಿ ನೋಡಿದೆ. ಅಮ್ಮ ಬಾಯಿ ತೆರೆದು ಅಳುತ್ತಿದ್ದಳು. ಕಣ್ಣು ಒರೆಸಿಕೊಳ್ಳದೆ, ಮಕ್ಕಳು ಅಳುವಂತೆ. ಆ ಸದ್ದಿನಲ್ಲಿ ಅವಳ ಅಳು ಯಾರಿಗೂ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲಿದ್ದ ನನಗೂ ಇಲ್ಲ.

ಆಟೋದಲ್ಲಿ ವಾಪಸ್ ಬರುವಾಗ ಕೇಳಿದೆ, ಯಾಕಮ್ಮ ಅಷ್ಟು ಅತ್ತೆ ಎಂದು. ಆಸ್ಪತ್ರೆಯಲ್ಲಿ ಒಂದು ದಿನವೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಕಿವಿಯ ಹತ್ತಿ ತೆಗೆಯುತ್ತಾ, ಹೊರಗಿನ ಕತ್ತಲೆ ನೋಡುತ್ತಾ ಹೇಳಿದಳು.

"ನೀನು ಮೆಷೀನಲ್ಲಿದ್ದಾಗ ಸ್ನಾನಕ್ಕೆ ಅಂತ ಮನೆಗೆ ಬರ್ತಿದ್ನಲ್ಲ, ಆಗ ನಿನ್ನ ಟೇಪ್ ಜೋರಾಗಿ ಹಾಕ್ಕೊಂಡು ಅಳ್ತಿದ್ದೆ ಕಣೇ. ಅಕ್ಕಪಕ್ಕದೋರಿಗೆ ಕೇಳಿಸ್ತಿರ್ಲಿಲ್ಲ. ದೇವರನಾಮ ಹಾಕಿದ್ರೆ ಕೇಳಿಸ್ಬಿಡೋದು."

ಪಕ್ಕದ ಮನೆಯವರು ಆ ದಿನಗಳಲ್ಲಿ, ಮಗಳು ಆಸ್ಪತ್ರೆಯಲ್ಲಿರುವಾಗ ಈಯಮ್ಮ ಇಂಗ್ಲಿಷ್ ಹಾಡು ಹಾಕ್ತಾಳಲ್ಲ ಎಂದು ಅಪ್ಪನ ಹತ್ತಿರ ದೂರಿದ್ದರಂತೆ. ಅಪ್ಪ ಅದನ್ನು ಅಮ್ಮನಿಗೆ ಹೇಳಿರಲೇ ಇಲ್ಲ. ಈಚೆಗೆ ನನಗೆ ಹೇಳಿದರು.

ಆ ಶನಿವಾರ ರಾತ್ರಿ ಅಪ್ಪ ನಮಗಿಂತ ಆಮೇಲೆ ಮನೆಗೆ ಬಂದರು. ಬಂದವರೇ ಮಾತ್ರೆ ತಗೊಂಡ್ಯಾ ಎಂದು ಕೇಳಿ, ನನ್ನ ಮುಖ ನೋಡಿ, ಕೈಕಾಲು ತೊಳೆಯಲು ಹೋದರು. ಬಚ್ಚಲಿನಿಂದ ಸಣ್ಣಗೆ ಸೀಟಿ ಕೇಳಿಸಿತು. ಅವರು ಸೀಟಿ ಹೊಡೆಯುವುದು ತೀರ ಅಪರೂಪ.

ಸೋಮವಾರ ರಂಗನಾಥ್ ಸಾರ್ ಬಂದಾಗ ನಾನೇ ಹೇಳಿದೆ, ವಾಕರ್ ಇಲ್ಲದೆ ನಿಂತಿದ್ದೆ ಎಂದು. ಅವರು ನಂಬದವರಂತೆ ಎಷ್ಟು ಹೊತ್ತು ಎಂದು ಕೇಳಿದರು. ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು.

"ಒಂದು ಹಾಡು ಪೂರ್ತಿ ಸಾರ್. ಅವರ ಹಾಡು ಬಹಳ ಉದ್ದ ಇರ್ತವೆ."

ಈಗ ಬಲಗಾಲಿನ ಕ್ಯಾಲಿಪರ್ ಹೋಗಿದೆ. ಎಡಗಾಲಿನದು ಇದೆ. ಪಾದ ಮೇಲಕ್ಕೆ ಬರುವುದಿಲ್ಲ. ನರ ತನ್ನ ಪಾಡಿಗೆ ತಾನು ಬೆಳೆಯುತ್ತದೆ, ಇಷ್ಟಕ್ಕೇ ನಿಂತರೂ ನಿಲ್ಲಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಾನು ಕೇಳಿಸಿಕೊಂಡೆ. ಮೊದಲಿನ ಹಾಗೆ ಎದೆ ಧಸಕ್ಕೆನ್ನಲಿಲ್ಲ. ಕಾಲೇಜಿಗೆ ಮತ್ತೆ ಸೇರಿದ್ದೇನೆ, ನನಗಿಂತ ಚಿಕ್ಕವರ ಜೊತೆ. ಏನಾಯಿತು ಎಂದು ಕೇಳಿದವರಿಗೆ ಹೇಳುತ್ತೇನೆ, ನೋಡಿ ಸುಮ್ಮನಾದವರ ಎದುರು ಸುಮ್ಮನಿರುತ್ತೇನೆ. ಕೆಲವು ದಿನ ಕನ್ನಡಿಯ ಮುಂದೆ ಕುತ್ತಿಗೆಗೆ ಸೆರಗು ಎಳೆದುಕೊಳ್ಳುತ್ತೇನೆ. ಎಲ್ಲ ದಿನ ಅಲ್ಲ.

ಅಮ್ಮ ಶಾಲೆಗೆ ಹೋಗುತ್ತಿದ್ದಾಳೆ. ದನಿ ಪೂರ್ತಿ ವಾಪಸ್ ಬಂದಿದೆ. ಆದರೆ ಆ ತಿಂಗಳುಗಳ ನಿದ್ದೆ ಅವಳ ಮೈಯಲ್ಲಿ ಇನ್ನೂ ಬಾಕಿ ಉಳಿದ ಹಾಗಿದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದರೆ ಸಂಜೆಯಾದರೂ ಏಳುವುದಿಲ್ಲ. ನಾನು ಪಕ್ಕದಲ್ಲಿ ಕೂತು ಓದುತ್ತಿರುತ್ತೇನೆ. ಅವಳ ಉಸಿರು ಏರಿ ಇಳಿಯುವುದನ್ನು ಆಗಾಗ ನೋಡುತ್ತೇನೆ. ಉಸಿರು ಎಂದರೆ ಏನು ಎಂದು ನನಗೆ ಗೊತ್ತು.

ಯಾರಾದರೂ ಬಾಗಿಲು ತಟ್ಟಿದರೆ ಗೋಡೆ ಹಿಡಿದು ಏಳುತ್ತೇನೆ. ಕಾಲು ಸದ್ದಾಗದ ಹಾಗೆ ನಿಧಾನವಾಗಿ ಇಡುತ್ತೇನೆ. ಹೋಗಿ ಬಾಗಿಲು ತೆರೆದು, ಅಮ್ಮ ಮಲಗಿದಾಳೆ, ನನ್ನ ಹತ್ತಿರ ಹೇಳಿ ಎನ್ನುತ್ತೇನೆ.